ಹಾಲಿನ ಮೇಕೆ: ಕೊಳ್ಳುವ ಮುನ್ನ ಕರೆದು ನೋಡಿ

ಕಳೆದ ಬೇಸಿಗೆಯಲ್ಲಿ ಮಧುಗಿರಿ ಸಮೀಪದ ಹೊಸ ತೋಟವೊಂದರಿಂದ ಫೋನ್ ಬಂದಿತು. ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದ ದಂಪತಿ ಸಂತೆಯಿಂದ ಜಮುನಾಪರಿ ಮೇಕೆಯೊಂದನ್ನು ತಂದಿದ್ದರು. ತಂದ ದಿನ ಕೆಚ್ಚಲು ತುಂಬಿ ತೂಗುತ್ತಿತ್ತು. ನಾಲ್ಕನೇ ದಿನಕ್ಕೆ ಒಂದು ಲೋಟ ಹಾಲೂ ಇಲ್ಲ. ನಾನು ಕುಳಿತು ಕೈಯಿಟ್ಟೆ. ಬಲಭಾಗ ಬಿಸಿಯಾಗಿ, ಕಲ್ಲಿನಂತೆ ಗಟ್ಟಿಯಾಗಿತ್ತು. ಮೊದಲ ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿದರೆ ನೀರಿನೊಳಗೆ ಮೊಸರಿನ ಚೂರುಗಳು. ಕೆಚ್ಚಲು ಬಾವು.

"ತಳಿ ಒಳ್ಳೆಯದೇ ಅಲ್ಲವೇ ಡಾಕ್ಟರೇ?" ಎಂದು ಆಕೆ ಕೇಳಿದರು. ತಳಿ ಒಳ್ಳೆಯದೇ. ಆದರೆ ಕೆಚ್ಚಲು ದೊಡ್ಡದಾಗಿ ಕಾಣಲೆಂದು ಒಂದೆರಡು ಹೊತ್ತು ಹಾಲು ಕರೆಯದೆ ಸಂತೆಗೆ ಹೊಡೆದುಕೊಂಡು ಬರುವವರಿದ್ದಾರೆ. ಒಳಗಿನ ಬಾವು ಅಲ್ಲಿ ಕಾಣುವುದಿಲ್ಲ.

ಆದ್ದರಿಂದ ಹಾಲಿನ ಮೇಕೆಯನ್ನು ಸಾಕಿದವರ ಮನೆಯಲ್ಲೇ ಕೊಳ್ಳಿ. ಸಂಜೆ ಹೋಗಿ, ಕರೆಯುವುದನ್ನು ನೋಡಿ. ಮರುದಿನ ಬೆಳಿಗ್ಗೆ ಮತ್ತೆ ಹೋಗಿ ನೀವೇ ಕರೆಯಿರಿ. ಕರೆದ ಮೇಲೆ ಕೆಚ್ಚಲು ಬರಿದಾದ ಚೀಲದಂತೆ ಮೆತ್ತಗೆ ಸುಕ್ಕಾಗಬೇಕು. ಆಗಲೂ ದಪ್ಪಗೇ ಉಳಿದರೆ ಅದು ಮಾಂಸ, ಹಾಲಲ್ಲ. ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ನೋಡಿ: ಒಳಭಾಗ ಕೆಂಪಗಿರಬೇಕು. ಬಿಳಿಚಿಕೊಂಡಿದ್ದರೆ ಹೆಚ್ಚಿನ ಪಾಲು ಜಂತುಹುಳು ರಕ್ತ ಹೀರುತ್ತಿದೆ ಎಂದೇ ಅರ್ಥ. ಹೊಸಬರಿಗೆ ಎರಡನೇ ಸೂಲಿನ, ಅಂದರೆ ಎರಡನೇ ಸಲ ಮರಿ ಹಾಕಿದ ಮೇಕೆಯೇ ಮೇಲು. ಅದಕ್ಕೆ ಕೈ ಅಭ್ಯಾಸವಾಗಿರುತ್ತದೆ, ಕಲಿಯಬೇಕಾದವರು ನೀವೊಬ್ಬರೇ.

ನಂದಿದುರ್ಗ ಮೇಕೆ ನಮ್ಮ ನೆಲದ್ದೇ, ಆದರೆ ಅದರ ಬಲ ಮಾಂಸದಲ್ಲಿ. ಹಾಲು ಮರಿಗಳು ಕುಡಿದು ಉಳಿದರೆ ಉಳಿಯಿತು. ಜಮುನಾಪರಿ ಉತ್ತರ ಪ್ರದೇಶದ್ದು, ಬೀಟಲ್ ಪಂಜಾಬಿನದು. ಅಲ್ಲಿಂದ ಲಾರಿಯಲ್ಲಿ ಬಂದದ್ದಕ್ಕಿಂತ ಇಲ್ಲೇ ಹುಟ್ಟಿ, ಇಲ್ಲಿನ ಮೇವು ತಿಂದು ಬೆಳೆದ ಮಿಶ್ರತಳಿಯನ್ನೇ ನಾನು ಹೇಳುತ್ತೇನೆ.

ಒಂಟಿ ಮೇಕೆ ಬೇಡ. ಆ ತೋಟದ ಮೇಕೆ ಇರುಳೆಲ್ಲ ಅರಚಿ ಸೊರಗಿತ್ತು. ಕೊರಟಗೆರೆ ಕಡೆಯಿಂದ ಇನ್ನೊಂದನ್ನು ತಂದ ಮೇಲೆ ಮೇವಿಗೆ ಬಾಯಿ ಹಾಕಿತು. ಕೆಚ್ಚಲಿನ ಬಲಭಾಗ ಮಾತ್ರ ಬತ್ತಿಹೋಯಿತು.

ಮೇಕೆಗಿಂತ ಮೊದಲು ಮೇವು ಬರಲಿ. ಮೇಕೆ ತಲೆಯೆತ್ತಿ ಚಿಗುರು ಕೀಳುವ ಪ್ರಾಣಿ. ಬೇಲಿಯುದ್ದಕ್ಕೂ ಅಗಸೆ ಮರ, ನುಗ್ಗೆ, ಹಿಪ್ಪುನೇರಳೆ ನೆಟ್ಟುಕೊಳ್ಳಿ. ಹುರುಳಿ ಹೊಟ್ಟು, ಕಡಲೆಕಾಯಿ ಬಳ್ಳಿಯನ್ನು ಸುಗ್ಗಿಯಲ್ಲೇ ಒಣಗಿಸಿ ಕೂಡಿಡಿ. ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಮಾತ್ರ ಪ್ರೀತಿಯಿಂದಲೂ ಸುರಿಯಬೇಡಿ. ಹೊಟ್ಟೆಯಲ್ಲಿ ಅದು ಹುಳಿಯಾಗಿ ಮೇಕೆ ಬೆಳಗಾಗುವಷ್ಟರಲ್ಲಿ ಕಾಲು ಚಾಚಿ ಮಲಗಿರುತ್ತದೆ. ಇಂಥ ಕರೆಗೆ ಓಡಿಹೋಗಿ ಕೈಚೆಲ್ಲಿ ಬಂದ ದಿನಗಳನ್ನು ನಾನು ಮರೆತಿಲ್ಲ.

ಮಳೆಗಾಲಕ್ಕೆ ಮುನ್ನ ಕರುಳುಬೇನೆಯ ಲಸಿಕೆ, 3 ವರ್ಷಕ್ಕೊಮ್ಮೆ ಪಿಪಿಆರ್ (ಮೇಕೆ-ಕುರಿಗಳ ಪ್ಲೇಗ್) ಲಸಿಕೆ ಹಾಕಿಸಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಸಾಕು. ಗಬ್ಬದ ಅವಧಿ ಸುಮಾರು 150 ದಿನ. ಮೇಕೆ ಹೋತಕ್ಕೆ ಕೂಡಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮರಿ ಹುಟ್ಟಿದ ಮೊದಲ ಗಂಟೆಯಲ್ಲೇ ಅದಕ್ಕೆ ಗಿಣ್ಣುಹಾಲು ಸೇರಬೇಕು. ಮೇಕೆ ಕಂದು ಹಾಕಿದರೆ, ಅಂದರೆ ಗರ್ಭಪಾತವಾದರೆ, ಬರಿಗೈಯಲ್ಲಿ ಮುಟ್ಟದೆ ವೈದ್ಯರಿಗೆ ತಿಳಿಸಿ. ಹೀಗೆ ಕಂದು ಹಾಕಿಸುವ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಹರಡುತ್ತದೆ, ಹಸಿ ಹಾಲಿನಿಂದಲೂ ಹರಡುತ್ತದೆ. ಕರೆದ ನೊರೆಹಾಲಿನಲ್ಲೇ ಶಕ್ತಿಯಿದೆ ಎಂದು ಹಿರಿಯರು ಹೇಳುವುದುಂಟು. ನಮ್ಮ ಮನೆಯಲ್ಲಿ ಮಾತ್ರ ಮೇಕೆ ಹಾಲು ಉಕ್ಕಿ ಬಂದ ಮೇಲೆಯೇ ಮೊಮ್ಮಗನ ಲೋಟಕ್ಕೆ ಬೀಳುತ್ತದೆ.