ಆಯಿಲ್ ಎಷ್ಟು ಕಾದಿದೆ ಎನ್ನುವ ಮೊದಲು ಸೆನ್ಸರ್ ಎಲ್ಲಿದೆ ನೋಡಿ

ಗಾಳಿಯಿಂದ ತಣ್ಣಗಾಗುವ 350 ಸಿಸಿ ಬೈಕಿಗೆ ಆಯಿಲ್ ಟೆಂಪರೇಚರ್ ಮೀಟರ್ ಹಾಕಿಸಿಕೊಂಡವರೆಲ್ಲ ಕೇಳುವುದು ಒಂದೇ: ಎಷ್ಟು ತೋರಿಸಿದರೆ ಅಪಾಯ? ಸೆನ್ಸರ್ ಎಲ್ಲಿ ಕೂತಿದೆ ಎಂದು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು. ಎಂಜಿನ್‌ನ ಮೇಲ್ಭಾಗವಾದ ಹೆಡ್‌ನಿಂದ ಆಗಷ್ಟೇ ಇಳಿದ ಆಯಿಲ್‌ಗೂ ತಳದಲ್ಲಿ ಆಯಿಲ್ ನಿಲ್ಲುವ ಜಾಗವಾದ ಸಂಪ್‌ನಲ್ಲಿ ಸೇರಿಕೊಂಡ ಆಯಿಲ್‌ಗೂ ಒಂದೇ ಹೊತ್ತಿನಲ್ಲಿ ಹತ್ತು ಡಿಗ್ರಿಗೂ ಮೀರಿದ ವ್ಯತ್ಯಾಸ ಇರಬಹುದು. ಸ್ಪಾರ್ಕ್ ಪ್ಲಗ್ ಕೆಳಗಿನ ವಾಷರ್ ಮಾದರಿಯ ಸೆನ್ಸರ್ ತೋರಿಸುವುದಂತೂ ಹೆಡ್‌ನ ಲೋಹದ ಬಿಸಿಯನ್ನು. ಅಲ್ಲಿ 170 ಡಿಗ್ರಿ ಸೆಲ್ಸಿಯಸ್ ಕಂಡರೂ ಗಾಬರಿ ಬೇಡ, ಅದು ಆಯಿಲ್‌ನ ಲೆಕ್ಕವೇ ಅಲ್ಲ.

ಅಗ್ಗದ ದಾರಿ ಎಂದರೆ ಡಯಲ್ ಇರುವ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ. ವೈರಿಂಗ್ ಗೋಜಿಲ್ಲ. ಆದರೆ ಎಂಜಿನ್ ಓಡುವಾಗ ಒಂದಷ್ಟು ಆಯಿಲ್ ಮೇಲೆ ಹೆಡ್‌ನಲ್ಲಿ, ದಾರಿಯಲ್ಲಿ ಇರುತ್ತದೆ, ಕೆಳಗಿನ ಮಟ್ಟ ಇಳಿಯುತ್ತದೆ. ಕಡ್ಡಿಯ ತುದಿ ಆಯಿಲ್ ಮುಟ್ಟದಿದ್ದರೆ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಗಿನ ಕವಚ) ಒಳಗಿನ ಗಾಳಿಯ ಬಿಸಿಯನ್ನು ಓದಿದಂತಾಯಿತು. ಕಡ್ಡಿ ಉದ್ದವಾದರೆ ಒಳಗೆ ತಿರುಗುವ ಭಾಗಕ್ಕೆ ತಗುಲುತ್ತದೆ. ನಿಮ್ಮ ಮಾಡೆಲ್‌ಗೇ ಮಾಡಿದ್ದು ಸಿಗದಿದ್ದರೆ ಬಿಟ್ಟುಬಿಡಿ.

ನಂಬಿಕೆಗೆ ಅರ್ಹವಾದ ಜಾಗ, ಹಳೇ ಆಯಿಲ್ ಹೊರಬಿಡಲು ಸಂಪ್ ತಳದಲ್ಲಿರುವ ಡ್ರೇನ್ ಬೋಲ್ಟ್‌ನದು. ಸೆನ್ಸರ್ ಸದಾ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕೊಳ್ಳುವ ಮುನ್ನ ಹಳೇ ಬೋಲ್ಟ್‌ನ ಥ್ರೆಡ್ ಅಳೆಯಿರಿ: 14 ಮಿ.ಮೀ. ದಪ್ಪದಲ್ಲೇ 1.25 ಪಿಚ್ (ಥ್ರೆಡ್‌ನ ಎಳೆಗಳ ನಡುವಿನ ಅಂತರ) ಬೇರೆ, 1.5 ಬೇರೆ. ಕೈಯಲ್ಲಿ ಸಲೀಸಾಗಿ ಎರಡು ಸುತ್ತು ಹೋಗದಿದ್ದರೆ ಸ್ಪ್ಯಾನರ್ ಮುಟ್ಟಬೇಡಿ, ಅಲ್ಯೂಮಿನಿಯಂ ಥ್ರೆಡ್ ಒಮ್ಮೆ ಕಿತ್ತರೆ ಕೇಸನ್ನೇ ಬಿಚ್ಚುವ ಕೆಲಸ ಬರಬಹುದು. ವಾಷರ್ ಹೊಸದೇ ಇರಲಿ. ಸೆನ್ಸರ್ ತಲೆ ಕೆಳಗೆ ಉದ್ದಕ್ಕೆ ಚಾಚಿಕೊಂಡಿದ್ದರೆ ನಮ್ಮ ಊರುಗಳ ಹಂಪ್‌ಗಳಿಗೆ ಅದು ಉಳಿಯುವುದಿಲ್ಲ. ಅದು ಮುರಿದರೆ ಆಯಿಲ್ ಪೂರ್ತಿ ರಸ್ತೆಗೇ. ಗಿಡ್ಡ ತಲೆಯದನ್ನು ಆರಿಸಿ, ಇಲ್ಲವೇ ಸಂಪ್ ಗಾರ್ಡ್ ಹಾಕಿಸಿ.

ಒಂದೇ ವೈರ್ ಇರುವ ಸೆನ್ಸರ್ ತನ್ನ ಮೈಯಿಂದಲೇ ಅರ್ತ್, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ, ಪಡೆಯುತ್ತದೆ. ಲೀಕ್ ಆಗದಿರಲಿ ಎಂದು ಮೆಕಾನಿಕ್ ಥ್ರೆಡ್‌ಗೆ ಬಿಳಿ ಟೇಪ್ ಸುತ್ತಿದರೆ ಅರ್ತ್ ಕೆಡುತ್ತದೆ. ಈ ಸೆನ್ಸರ್‌ಗಳಲ್ಲಿ ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುತ್ತದೆ. ಅರ್ತ್ ಕೆಟ್ಟರೆ ರೆಸಿಸ್ಟೆನ್ಸ್ ಹೆಚ್ಚಾಗಿ, ಆಯಿಲ್ ಕುದಿಯುತ್ತಿದ್ದರೂ ಮೀಟರ್ ತಣ್ಣಗೇ ತೋರಿಸುತ್ತದೆ. ಇದು ಕೆಟ್ಟ ಬಗೆಯ ಸುಳ್ಳು. ಇದಕ್ಕೆ ತದ್ವಿರುದ್ಧವಾಗಿ, ಕೀ ಆನ್ ಮಾಡಿದೊಡನೆ ಮುಳ್ಳು ಕೊನೆಗೆ ಓಡಿದರೆ ವೈರ್ ಸೈಲೆನ್ಸರ್ ಹತ್ತಿರ ಸುಟ್ಟು ಬೈಕಿನ ಲೋಹಕ್ಕೆ ತಗುಲಿದೆ ಎಂದೇ ಹುಡುಕಿ. ಒಂದು ಕಂಪನಿಯ ಮೀಟರ್‌ಗೆ ಇನ್ನೊಂದರ ಸೆನ್ಸರ್ ಜೋಡಿಸಿದರೂ ಲೆಕ್ಕ ತಪ್ಪುತ್ತದೆ.

ಕೂರಿಸುವ ಮೊದಲೇ ಪರೀಕ್ಷೆ ಮಾಡಿ. ಸೆನ್ಸರ್ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ ಒಂದು ವೈರ್ ಕೊಟ್ಟು, ತುದಿಯನ್ನಷ್ಟೇ ಕುದಿಯುವ ನೀರಿನಲ್ಲಿ ಇಳಿಸಿ. ಮಂಗಳೂರಿನಲ್ಲಿ 100 ತೋರಿಸಬೇಕು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97ಕ್ಕೇ ಕುದಿಯುವುದರಿಂದ ಅಲ್ಲಿ 97 ಬಂದರೆ ಮೀಟರ್ ಸರಿಯಾಗಿದೆ. ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಲೇಸರ್ ಗನ್ ಇಟ್ಟುಕೊಂಡವರಿಗೆ ಒಂದು ಮಾತು: ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ನಿಜಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ. ಸಂಪ್ ಗೋಡೆಯ ಮೇಲೆ ನಾಣ್ಯದಷ್ಟು ಜಾಗಕ್ಕೆ ಹೊಳಪಿಲ್ಲದ ಕಪ್ಪು ಹೀಟ್ ಪೇಂಟ್ ಬಳಿದು, ಸದಾ ಅಲ್ಲೇ ಅಳೆಯಿರಿ.

ಈಗ ಅಂಕಿಗಳು, ಎಲ್ಲವೂ ಸಂಪ್‌ನ ಲೆಕ್ಕದಲ್ಲಿ. 90ರಿಂದ 110 ಆರೋಗ್ಯ. ಚಾರ್ಮಾಡಿ ಹತ್ತುವಾಗಲೋ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೋ 120 ಮುಟ್ಟಿದರೆ ಚಿಂತೆಯಿಲ್ಲ. 130ರಲ್ಲೇ ನಿಂತರೆ ಆಯಿಲ್ ಬದಲಿಸುವ ಅವಧಿಯನ್ನು ಕಡಿಮೆ ಮಾಡಿ. 140 ದಾಟಿದರೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಫಿನ್‌ಗೆ (ಗಾಳಿಗೆ ಬಿಸಿ ಬಿಡಲು ಎಂಜಿನ್ ಸುತ್ತ ಇರುವ ಲೋಹದ ಪಟ್ಟಿಗಳು) ನೀರು ಸುರಿಯಬೇಡಿ. ಡಬ್ಬಿಯ ಮೇಲಿನ 50 ಎಂಬ ಗ್ರೇಡ್ ಅಳೆಯುವುದೇ 100 ಡಿಗ್ರಿಯಲ್ಲಿ. 20ಡಬ್ಲ್ಯು-50 ಆಯಿಲ್ 130ಕ್ಕೆ ಹೋಗುವಷ್ಟರಲ್ಲಿ ಅದರ ದಪ್ಪ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಪ್ರತಿ 10 ಡಿಗ್ರಿಗೆ ಆಯಿಲ್ ಹಳಸುವ ವೇಗ ಸುಮಾರು ದುಪ್ಪಟ್ಟು ಎನ್ನುವುದು ಕೈಲೆಕ್ಕ.

ಮೀಟರ್‌ನಿಂದ ನಿಜವಾದ ಉಪಯೋಗ ಆಗಬೇಕಾದರೆ ಹೊರಗಿನ ಸೆಕೆಯನ್ನು ಕಳೆದು ನೋಡಬೇಕು. ಗಾಳಿ 25 ಡಿಗ್ರಿ ಇರುವಾಗ ನಿಮ್ಮ ಬೈಕ್ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ 105 ತೋರಿಸುತ್ತಿದ್ದರೆ ವ್ಯತ್ಯಾಸ 80. ಬೇಸಿಗೆಯ ರಾಯಚೂರಿನ 40 ಡಿಗ್ರಿಯಲ್ಲಿ 120 ಬಂದರೆ ಅದು ಬಿಸಿಲಿನದ್ದೇ ಹೊರತು ಎಂಜಿನ್‌ನ ತಪ್ಪಲ್ಲ. ಆದರೆ 25ರ ಗಾಳಿಯಲ್ಲೇ 120 ಬರತೊಡಗಿದರೆ ಏನೋ ಕೆಟ್ಟಿದೆ. ಮೊದಲು ಆಯಿಲ್ ಮಟ್ಟ, ಆಮೇಲೆ ಫಿನ್ ನಡುವಿನ ಕೆಸರು, ಎಂಜಿನ್ ಎದುರಿಗೆ ಗಾಳಿ ತಡೆಯುವ ಬ್ಯಾಗು-ಲೈಟು, ಹಿಡಿದುಕೊಂಡ ಬ್ರೇಕ್, ಜಾರುವ ಕ್ಲಚ್. ಕ್ಲಚ್ ಇದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಹಿಡಿದು ತೆವಳಿದರೆ ಆ ಬಿಸಿಯೆಲ್ಲ ಆಯಿಲ್‌ಗೇ. ಆಯಿಲ್‌ನಲ್ಲಿ ಮುಳುಗಿದ ಬೈಕ್ ಕ್ಲಚ್‌ಗೆ ಒಗ್ಗುತ್ತದೆ ಎಂದು ಹೇಳುವ ಜಾಸೋ ಎಂಎ ಗುರುತಿಲ್ಲದ ಕಾರಿನ ಆಯಿಲ್ ತುಂಬಿಸಿದ್ದರೆ ಕ್ಲಚ್ ಜಾರುವ ಸಾಧ್ಯತೆ ಇನ್ನೂ ಹೆಚ್ಚು.

ಬಿಸಿಗೆ ಹೆದರುವವರು ತಣ್ಣನೆಯ ಆಯಿಲ್ ಬಗ್ಗೆ ಯೋಚಿಸುವುದೇ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಬೈಕಿನಲ್ಲಿ ಆಯಿಲ್ 80 ಮುಟ್ಟುವುದೇ ಅಪರೂಪ. ಒಳಗಿನ ನೀರಿನ ಅಂಶ ಆವಿಯಾಗಿ ಹೋಗದೆ ಆಯಿಲ್ ಕ್ಯಾಪ್ ಕೆಳಗೆ ಬೆಣ್ಣೆಯಂಥ ಬಿಳಿ ಪದಾರ್ಥ ಕಟ್ಟುತ್ತದೆ. ನಿಂತಲ್ಲೇ ಐಡಲ್ ಬಿಟ್ಟರೆ ಇದು ಹೋಗುವುದಿಲ್ಲ. ವಾರಕ್ಕೊಮ್ಮೆ 25 ಕಿಲೋಮೀಟರ್ ಓಡಿಸಬೇಕು. ಬೆಳಗ್ಗೆ ಆಯಿಲ್ 60 ಡಿಗ್ರಿ ದಾಟುವ ತನಕ ಥ್ರಾಟಲ್ ಪೂರ್ತಿ ತಿರುಗಿಸಬೇಡಿ.

ಹೀಗಾಗಿ ಅಂಗಡಿಯವರು ಹೇಳಿದರೆಂದು ಆಯಿಲ್ ಕೂಲರ್ ಹಾಕಿಸುವುದು ಎಲ್ಲರಿಗೂ ಒಗ್ಗದು. ಹಾಕಿಸಲೇಬೇಕೆಂದರೆ ಥರ್ಮೋಸ್ಟಾಟ್ (ಆಯಿಲ್ ಬಿಸಿಯಾದ ಮೇಲಷ್ಟೇ ಕೂಲರ್‌ಗೆ ದಾರಿ ತೆರೆಯುವ ವಾಲ್ವ್) ಇರುವುದನ್ನೇ ಕೇಳಿ. ಕೂಲರ್ ಮತ್ತು ಪೈಪ್ ತುಂಬಲು ಹೆಚ್ಚುವರಿ ಆಯಿಲ್ ಬೇಕು: ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾಗುವ ತನಕ ಓಡಿಸಿ ಬಂದು, ನಿಲ್ಲಿಸಿ, ಐದು ನಿಮಿಷ ಬಿಟ್ಟು ಮಟ್ಟ ನೋಡಿ, ಕಡಿಮೆಯಾದಷ್ಟನ್ನು ತುಂಬಿಸಿ.