ಮಾತಿಲ್ಲದ ಪಾತ್ರಕ್ಕೂ ಒಂದು ಕುರ್ಚಿ ಹಾಕಿ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಅಪ್ಪ ಅಮ್ಮಂದಿರು ನನಗೆ ಕಳಿಸುವ ವಾಟ್ಸಾಪ್ ಮೆಸೇಜ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ‘ಮೇಡಂ, ಮುಂದಿನ ವಾರ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಶುರು ಮಾಡ್ತೀವಿ. ಸಾರಾಂಶ ಇದ್ರೆ ಕಳಿಸ್ತೀರಾ?’ ಗೈಡು, ಪ್ರಶ್ನೋತ್ತರ, ಬಾಯಿಪಾಠ ಸಾಕಾಯಿತು ಅಂತಲೇ ಮಗುವನ್ನು ಶಾಲೆ ಬಿಡಿಸಿದವರು ಇವರು. ಈಗ ಅದೇ ಗೈಡನ್ನು ಮನೆಗೆ ಕರೆಸಿಕೊಳ್ಳುತ್ತಿದ್ದಾರೆ.

ನಾಟಕವನ್ನು ಗಟ್ಟಿಯಾಗಿ ಓದಬೇಕು, ಎದ್ದು ನಿಂತು ಓದಬೇಕು ಅನ್ನೋದು ನಿಮಗೆ ಗೊತ್ತಿರುವುದೇ. ನನ್ನ ತಕರಾರು ಬೇರೆ. ದೃಶ್ಯದಲ್ಲಿ ಇದ್ದೂ ಸುಮ್ಮನಿರುವವರು ಸಾರಾಂಶದೊಳಗೆ ಬರುವುದೇ ಇಲ್ಲ. ಎಷ್ಟೋ ಸಲ ನಾಟಕ ನಡೆಯುತ್ತಿರುವುದು ಅವರಲ್ಲೇ.

‘ಮ್ಯಾಕ್‌ಬೆತ್’ ಮೂರನೇ ಅಂಕದ ಔತಣದ ದೃಶ್ಯ ತೆಗೆಯಿರಿ. ದೊರೆ ಮ್ಯಾಕ್‌ಬೆತ್ ತನ್ನ ಗೆಳೆಯ ಬ್ಯಾಂಕೋನನ್ನು ಕೊಲ್ಲಿಸಿ ಆಗಿದೆ. ಅವನ ದೆವ್ವ ಬಂದು ಮ್ಯಾಕ್‌ಬೆತ್‌ನ ಜಾಗದಲ್ಲಿ ಕೂರುತ್ತದೆ. 1623ರಲ್ಲಿ ಈ ನಾಟಕ ಮೊದಲು ಅಚ್ಚಾದಾಗಲೂ ಇದು ಪುಟ್ಟದೊಂದು ರಂಗಸೂಚನೆ, ಅಷ್ಟೇ. ದೆವ್ವಕ್ಕೆ ಒಂದೂ ಮಾತಿಲ್ಲ, ಕಾಣುವುದೂ ಮ್ಯಾಕ್‌ಬೆತ್‌ಗೆ ಮಾತ್ರ. ಓದುವ ಮಗುವಿನ ಕಣ್ಣು ಆ ಸಾಲನ್ನು ದಾಟಿಕೊಂಡು ಮುಂದೆ ಹೋಗಿಬಿಡುತ್ತದೆ. ಆಮೇಲೆ ಮ್ಯಾಕ್‌ಬೆತ್ ‘ಜಾಗವೇ ಇಲ್ಲವಲ್ಲ’ ಅನ್ನುತ್ತಾನೆ, ಅತಿಥಿ ಲೆನಾಕ್ಸ್ ‘ಇಲ್ಲೇ ಇದೆ, ದೊರೆ’ ಅನ್ನುತ್ತಾನೆ, ಇವನು ‘ಎಲ್ಲಿ?’ ಅನ್ನುತ್ತಾನೆ. ಮಗುವಿಗೆ ತಲೆಬುಡ ಗೊತ್ತಾಗುವುದಿಲ್ಲ. ಅಮ್ಮ ಅಲ್ಲೇ ನಿಲ್ಲಿಸಿ ‘ಅವನಿಗೆ ಪಾಪಪ್ರಜ್ಞೆ ಕಣೋ’ ಅಂತ ಅರ್ಥ ಹೇಳುತ್ತಾಳೆ. ಮುಗೀತು ಕಥೆ.

ಅಲ್ಲಿ ಬೇಕಾಗಿದ್ದದ್ದು ಊಟದ ಮೇಜಿನ ಒಂದು ಕುರ್ಚಿ, ಅದರಲ್ಲಿ ಕೂರೋಕೆ ಒಬ್ಬ ತಮ್ಮ. ಆರೇಳು ವರ್ಷದವರು ಈ ಪಾತ್ರಕ್ಕೆ ಜಗಳವೇ ಆಡುತ್ತಾರೆ. ಬಾಯಿಪಾಠ ಇಲ್ಲ, ನಗದೆ ಕೂತರೆ ಸಾಕು! ಈಗ ಅಕ್ಕ ಲೇಡಿ ಮ್ಯಾಕ್‌ಬೆತ್ ಆಗಿ ‘ನೀನು ನೋಡ್ತಿರೋದು ಬರೀ ಪೀಠ’ ಅನ್ನಬೇಕು. ಎದುರಿಗೇ ತಮ್ಮ ಕೂತಿದ್ದಾನೆ, ಅವನು ಕಾಣದ ಹಾಗೆ ನೋಡಬೇಕು. ಗಂಡನಿಗೆ ಮೊದಲಿಂದಲೂ ಹೀಗೇ ಆಗುತ್ತೆ ಅಂತ ಅತಿಥಿಗಳಿಗೆ ಸಬೂಬನ್ನೂ ಹೇಳಬೇಕು. ಆ ಅತಿಥಿಗಳು ಏನು ಮಾಡುತ್ತಿದ್ದಾರೆ? ತಟ್ಟೆ ನೋಡುತ್ತಿದ್ದಾರಾ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರಾ? ಮಗುವನ್ನು ಕೇಳಿ. ಉತ್ತರ ನೀವು ಹೇಳಬೇಡಿ.

ಕೆಲವು ನಿರ್ದೇಶಕರು ಆ ಕುರ್ಚಿಯನ್ನು ಖಾಲಿಯೇ ಬಿಡುತ್ತಾರೆ. ಅದೂ ಸರಿಯೇ. ಹಾಗೂ ಮಾಡಿ ನೋಡಿ, ಯಾವುದಕ್ಕೆ ಜಾಸ್ತಿ ಭಯ ಆಗುತ್ತೆ ಅಂತ ಮಕ್ಕಳೇ ಹೇಳಲಿ. 1611ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಈ ನಾಟಕ ನೋಡಿದ ಸೈಮನ್ ಫಾರ್ಮನ್ ಎಂಬ ಜ್ಯೋತಿಷಿ ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ. ದೆವ್ವ ಬಂದು ಹಿಂದಿದ್ದ ಕುರ್ಚಿಯಲ್ಲಿ ಕೂತಿತು, ದೊರೆ ಕೂರಲು ತಿರುಗಿದಾಗ ಕಂಡಿತು ಅಂತ. ನೋಡಿದವನಿಗೆ ಕುರ್ಚಿ ನೆನಪಿತ್ತು.

ನಮ್ಮ ಕಾಳಿದಾಸನೂ ಇದರಲ್ಲಿ ಪಳಗಿದ ಕೈ. ‘ಶಾಕುಂತಲ’ದ ಐದನೇ ಅಂಕದಲ್ಲಿ ಬಸುರಿ ಶಕುಂತಲೆ ಮುಸುಕು ಹಾಕಿಕೊಂಡು ದುಷ್ಯಂತನ ಮುಂದೆ ನಿಂತಿದ್ದಾಳೆ. ಅವಳನ್ನು ಆಶ್ರಮದಿಂದ ಕರೆತಂದ ಶಾರ್ಙ್ಗರವ ಮಾತಾಡುತ್ತಾನೆ, ರಾಜ ಮಾತಾಡುತ್ತಾನೆ, ಜೊತೆಗೆ ಬಂದ ಹಿರಿಯಳು ಗೌತಮಿ ಮಾತಾಡುತ್ತಾಳೆ. ಶಕುಂತಲೆಯದು ಬಹಳ ಹೊತ್ತು ಬರೀ ಸ್ವಗತ. ಗೌತಮಿಯೇ ಅವಳ ಮುಸುಕು ಸರಿಸುತ್ತಾಳೆ. ಕೊನೆಗೆ ಬಾಯಿ ಬಿಟ್ಟಾಗ ಗಂಡನನ್ನು ಕರೆಯುವ ಹಾಗೆ ‘ಆರ್ಯಪುತ್ರ’ ಅಂತ ಶುರು ಮಾಡಿ, ತಡೆದು, ವಂಶದ ಹೆಸರು ಹಿಡಿದು ‘ಪೌರವ’ ಅನ್ನುತ್ತಾಳೆ.

ಒಂದು ಮನೆಯಲ್ಲಿ ಹದಿನಾಲ್ಕರ ಹುಡುಗಿ ಶಕುಂತಲೆ, ಅವಳ ತಮ್ಮ ದುಷ್ಯಂತ, ಅಜ್ಜಿ ಗೌತಮಿ. ಮುಸುಕಿಗೆ ಅಮ್ಮನ ವೇಲು. ಹುಡುಗಿಯ ಸ್ವಗತಗಳನ್ನೂ ತೆಗೆದು, ಸುಮ್ನೆ ನಿಂತ್ಕೋ ಅಂದಿದ್ದೆ. ವೇಲು ಸರಿಸಿದ ಅಜ್ಜಿ ಪುಸ್ತಕ ಬಿಟ್ಟು ಮೊಮ್ಮಗನಿಗೇ ಜೋರು ಮಾಡಿದರು: ‘ಏನಪ್ಪಾ, ಸರಿಯಾಗಿ ನೋಡು!’ ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ‘ಆಗ್ಲಿಂದ ನನ್ನ ವಿಷಯಾನೇ ಮಾತಾಡ್ತಿದ್ದೀರ. ನನ್ನನ್ನ ಒಬ್ಬರೂ ಕೇಳಲೇ ಇಲ್ಲ’ ಅಂದಳು. ಪಕ್ಕದಲ್ಲಿ ಅವಳಪ್ಪ ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು: ‘ದುಷ್ಯಂತನು ಶಕುಂತಲೆಯನ್ನು ನಿರಾಕರಿಸುತ್ತಾನೆ.’ ಒಳ್ಳೆಯ ಮನುಷ್ಯ, ಮಗಳಿಗಾಗಿ ಏನು ಬೇಕಾದರೂ ಮಾಡುವವರು. ಆ ನೋಟ್ ಬುಕ್ ಮಾತ್ರ ಕೈಬಿಡುವುದಿಲ್ಲ.

ಹದಿನಾರು ದಾಟಿದವರಿಗೆ ಕಾರ್ನಾಡರ ‘ತುಘಲಕ್’ (1964) ಕೊಡಿ. ಪ್ರಾರ್ಥನೆಯ ಹೊತ್ತಿನಲ್ಲಿ ತನ್ನನ್ನು ಕೊಲ್ಲುವ ಸಂಚು ಬಯಲಾಗಿ ಸುಲ್ತಾನ ಸಂಚುಗಾರ ಶಿಹಾಬುದ್ದೀನನನ್ನು ತಾನೇ ಇರಿಯುತ್ತಾನಲ್ಲ, ಆಗ ಚರಿತ್ರೆಕಾರ ಬರನಿ ಅಲ್ಲೇ ಇದ್ದಾನೆ. ಅವನ ಕಣ್ಣು ಎಲ್ಲಿದೆ, ಕೈ ಎಲ್ಲಿದೆ? ಹದಿಹರೆಯದವರು ಇದರ ಮೇಲೆ ಒಂದು ಗಂಟೆ ಜಗಳ ಆಡುತ್ತಾರೆ. ಆದರೆ ಆ ಕೊಲೆ ನಿಮ್ಮ ಮಗುವಿಗೆ ಈಗಲೇ ಬೇಕಾ ಅನ್ನೋದನ್ನು ನೀವೇ ನೋಡಿಕೊಳ್ಳಿ. ವಯಸ್ಸೊಂದನ್ನೇ ನೋಡಿ ನಾನು ಹೇಳಲಾರೆ.

‘ನಮ್ಮನೇಲಿ ಇರೋದು ಒಂದೇ ಮಗು, ಮೇಡಂ.’ ಇರಲಿ. ಕುರ್ಚಿಗಳ ಮೇಲೆ ಹೆಸರು ಬರೆದ ಚೀಟಿ ಅಂಟಿಸಿ, ದಿಂಬು ನಿಲ್ಲಿಸಿ. ಮಾತಾಡುವ ಪಾತ್ರಗಳನ್ನು ನೀವೇ ಓದಿ, ಮಗುವಿಗೆ ಮಾತಿಲ್ಲದ ಪಾತ್ರ ಕೊಡಿ. ಎಷ್ಟೋ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಓದೋದು ಕಲಿಯಲಿ ಅಂತ ಉದ್ದುದ್ದ ಮಾತೆಲ್ಲ ಮಗುವಿಗೇ ಕೊಟ್ಟುಬಿಡುತ್ತಾರೆ. ಆಗ ಅದು ತನ್ನ ಮುಂದಿನ ಸಾಲು ಎಲ್ಲಿ ಅಂತ ಹುಡುಕುತ್ತಿರುತ್ತದೆ, ಬೇರೆಯವರ ಮಾತು ಕಿವಿಗೇ ಬೀಳುವುದಿಲ್ಲ. ಮಾತಿಲ್ಲದ ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಬೇರೆ ಕೆಲಸವಿಲ್ಲ, ಅಲ್ವಾ?

ಶಾಲೆಗೆ ಹೋಗದೆಯೂ ಬರೆಯಬಹುದಾದ ಎನ್‌ಐಒಎಸ್, ಐಜಿಸಿಎಸ್‌ಇ ಅಂತ ಪರೀಕ್ಷೆಗೆ ಕೂರುವವರು ತಮ್ಮ ಸಿಲಬಸ್ಸು, ಹಳೇ ಪ್ರಶ್ನೆಪತ್ರಿಕೆ ನೋಡಿಕೊಳ್ಳಲಿ. ಅವರಿಗೆ ಬರವಣಿಗೆಯ ಅಭ್ಯಾಸವೂ ಬೇಕು. ಹಾಗಿದ್ದರೂ ಮೊದಲು ದೃಶ್ಯ ಆಡಿ, ಸಾರಾಂಶವನ್ನು ಕೊನೆಗೆ ಮಗುವಿನ ಕೈಯಲ್ಲೇ ಬರೆಸಿ. ಬರೆದದ್ದನ್ನು ನನಗೆ ಕಳಿಸಿ, ಖುಷಿಯಿಂದ ಓದುತ್ತೇನೆ.