ಪೋರ್ಟಬಲ್ ಎಸಿಯಿಂದ ನೀರು ಸೋರಿದರೆ ಗ್ಯಾಸ್ ತುಂಬಿಸಬೇಕೇ?

ಪ್ರಶ್ನೆ: ನಮ್ಮ ಪೋರ್ಟಬಲ್ ಎಸಿಯ ಬುಡದಿಂದ ನೀರು ಸೋರಿ ನೆಲವೆಲ್ಲ ಒದ್ದೆ. ಗ್ಯಾಸ್ ಲೀಕ್ ಆಗಿದೆ, ತುಂಬಿಸಬೇಕು ಅನ್ನುತ್ತಿದ್ದಾರೆ. ನಿಜವೇ?

ಉತ್ತರ: ಅಲ್ಲ. ಬೇಸಿಗೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಎಸಿಯ ಗ್ಯಾಸ್ ನೀರಾಗಿ ನೆಲಕ್ಕೆ ತೊಟ್ಟಿಕ್ಕುವುದು ಸಾಧ್ಯವೇ ಇಲ್ಲ. ಎಸಿಗಳಲ್ಲಿ ಬಳಸುವ ಗ್ಯಾಸ್‌ಗಳಲ್ಲಿ ಆರ್-32 ಎಂಬುದು ಹೊರಗಿನ ಗಾಳಿಯ ಒತ್ತಡದಲ್ಲಿ ಸುಮಾರು ಮೈನಸ್ 52 ಡಿಗ್ರಿಗೇ ಕುದಿಯುತ್ತದೆ, ಆರ್-290 ಮೈನಸ್ 42ಕ್ಕೆ. ಕೊಳವೆ ತೂತಾದರೆ ಅದು ಗಾಳಿಗೆ ಸೇರಿಹೋಗುತ್ತದೆ, ಒರೆಸುವ ಬಟ್ಟೆಗೆ ಸಿಗುವುದಿಲ್ಲ. ಬೈಕಿನ ಪೆಟ್ರೋಲಿನಂತೆ ಖರ್ಚಾಗುವ ವಸ್ತುವೂ ಅಲ್ಲ ಅದು. ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತಿರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ‘ಟಾಪ್ ಅಪ್’ ಮಾಡಿಸಬೇಕೆಂಬ ಮಾತನ್ನು ದಯವಿಟ್ಟು ನಂಬಬೇಡಿ, ದುಡ್ಡು ದಂಡ.

ಒಂದು ಸಂದರ್ಭ ಮಾತ್ರ ಬೇರೆ. ಗ್ಯಾಸ್ ಕಮ್ಮಿಯಾದರೆ ಕಾಯಿಲ್ (ಗಾಳಿಯನ್ನು ತಂಪು ಮಾಡುವ ಕೊಳವೆಗಳ ಸುರುಳಿ) ಮೇಲೆ ಐಸ್ ಕಟ್ಟಿ, ಆಮೇಲೆ ಕರಗಿ ನೀರು ಸುರಿಯುವುದುಂಟು. ಆದರೆ ಆಗ ಕೋಣೆಯೂ ಸರಿಯಾಗಿ ತಂಪಾಗುವುದಿಲ್ಲ. ಫಿಲ್ಟರ್ ತೆಗೆದು ಟಾರ್ಚ್ ಬಿಟ್ಟು ನೋಡಿ. ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಬೆಳ್ಳಗೆ ಐಸ್ ಕಂಡರೆ ಮೊದಲು ಅನುಮಾನಿಸಬೇಕಾದ್ದು ಧೂಳು ಕಟ್ಟಿದ ಫಿಲ್ಟರನ್ನೇ. ತೊಳೆದು, ಒಣಗಿಸಿ ಹಾಕಿದ ಮೇಲೂ ಐಸ್ ಕಟ್ಟಿದರೆ ಗ್ಯಾಸಿನ ವಿಚಾರಕ್ಕೆ ಬನ್ನಿ. ಆಗಲೂ ಲೀಕ್ ಎಲ್ಲಿದೆಯೆಂದು ಹುಡುಕಿ ಮುಚ್ಚಿಸದೆ ಗ್ಯಾಸ್ ತುಂಬಿಸಬೇಡಿ.

ಹಾಗಾದರೆ ನೀರು ಎಲ್ಲಿಂದ ಬಂತು? ನಿಮ್ಮ ಕೋಣೆಯ ಗಾಳಿಯಿಂದಲೇ. ಗಾಳಿಯಲ್ಲಿನ ತೇವ ತಣ್ಣಗಿನ ಕಾಯಿಲ್‌ಗೆ ತಾಗಿ ನೀರಾಗಿ ಇಳಿಯುತ್ತದೆ. 30 ಡಿಗ್ರಿ ಸೆಖೆ, ಶೇ 80 ತೇವಾಂಶವಿರುವ ಮಂಗಳೂರಿನ ದಿನದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. ಕಲಬುರಗಿಯಲ್ಲಿ 40 ಡಿಗ್ರಿ ಬಿಸಿಲಿದ್ದು ತೇವಾಂಶ ಶೇ 20 ಇದ್ದರೆ 10 ಗ್ರಾಂ ಅಷ್ಟೇ. ಪೋರ್ಟಬಲ್ ಎಸಿಗಳು ಸಾಮಾನ್ಯವಾಗಿ ಈ ನೀರನ್ನು ಕಂಡೆನ್ಸರ್, ಅಂದರೆ ಬಿಸಿಯನ್ನು ಹೊರಹಾಕುವ ಇನ್ನೊಂದು ಕಾಯಿಲ್ ಮೇಲೆ ಚಿಮ್ಮಿಸಿ, ಆವಿಮಾಡಿ, ದಪ್ಪ ಪೈಪಿನಿಂದ ಹೊರಗೆ ಕಳಿಸುತ್ತವೆ. ಕರಾವಳಿಯಲ್ಲಿ ಆವಿ ಮಾಡಿ ಮುಗಿಯದಷ್ಟು ನೀರು ಬಂದು ಎಸಿಯ ಬುಡದಲ್ಲಿರುವ ಟ್ರೇ ತುಂಬುತ್ತದೆ. ಒಂದೇ ಪೈಪಿನ ಎಸಿ ಕೋಣೆಯ ಗಾಳಿಯನ್ನೇ ಹೊರಗೆ ತಳ್ಳುವುದರಿಂದ, ಆ ಜಾಗಕ್ಕೆ ಸಂದುಗೊಂದಿನಿಂದ ಮತ್ತೆ ಹಸಿ ಗಾಳಿ ನುಗ್ಗುತ್ತದೆ. ಕಿಟಕಿಯ ಸಂದು ಮುಚ್ಚಿ.

ಇನ್ನು ರಿಪೇರಿ. ಪ್ಲಗ್ ಕಿತ್ತು, ಹಿಂಬದಿ ಕೆಳಗಿರುವ ಡ್ರೈನ್ ತೂತಿನ ರಬ್ಬರ್ ಬಿರಡೆಯನ್ನು ನೋಡಿ. ತಟ್ಟೆ ಇಟ್ಟುಕೊಂಡೇ ತೆಗೆಯಿರಿ. ಗಟ್ಟಿಯಾಗಿದ್ದರೆ, ಅಂಚು ಸೀಳಿದ್ದರೆ ಬದಲಿಸಿ. ಎಷ್ಟೋ ಸೋರಿಕೆ ಇಲ್ಲಿಗೇ ನಿಲ್ಲುತ್ತದೆ. ಎಸಿ ಸಮತಟ್ಟಾಗಿ ನಿಂತಿರಲಿ. ಡ್ರೈನ್ ಪೈಪ್ ಹಾಕಿದ್ದರೆ ಉದ್ದಕ್ಕೂ ಇಳಿಜಾರಾಗಿರಬೇಕು, ನಡುವೆ ಎಲ್ಲೂ ಮೇಲೇಳಬಾರದು. ಒಳಗೆ ಲೋಳೆ ಕಟ್ಟಿದ್ದರೆ ತೊಳೆಯಿರಿ.

ಈ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕುವವರಿದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ಹಾಕಬೇಡಿ. ನೋಡಲು ತಿಳಿಯಾಗಿದ್ದರೂ ಇದು ಡಿಸ್ಟಿಲ್ಡ್ ವಾಟರ್ ಅಲ್ಲ. ಕಾಯಿಲ್ ಮೇಲಿನ ಧೂಳು, ಲೋಹದ ಅಂಶ ಎಲ್ಲ ಸೇರಿರುತ್ತದೆ. ಬ್ಯಾಟರಿಯ ಆಯಸ್ಸು ಕಮ್ಮಿಯಾಗುತ್ತದೆ. ನೆಲ ಒರೆಸಲು, ಟಾಯ್ಲೆಟ್‌ಗೆ ಸುರಿಯಲು ಧಾರಾಳವಾಗಿ ಬಳಸಿ.